ಮೂರನೇ ಮಾಲೀಕನ ಕಾರು

ವಾಹನದ ಆರ್‌ಸಿಯಲ್ಲಿ ಮಾಲೀಕರ ಕ್ರಮಸಂಖ್ಯೆ ನಮೂದಿಸುವ ಪುಟ್ಟ ಜಾಗವೊಂದಿದೆ. ಬೆಂಗಳೂರಿನ ಶೋರೂಮಿನಿಂದ ಗಾಡಿ ಹೊರಬಿದ್ದ ದಿನ ಅಲ್ಲಿ ಒಂದು ಎಂದಿರುತ್ತದೆ. ಐದಾರು ವರ್ಷ ಕಳೆದು ಹುಬ್ಬಳ್ಳಿಯ ವ್ಯಾಪಾರಿಯೊಬ್ಬರ ಕೈಗೆ ಬಂದಾಗ ಎರಡಾಗುತ್ತದೆ. ಅಲ್ಲಿಂದ ಹಾನಗಲ್ಲಿಗೋ ಹಿರೇಕೆರೂರಿಗೋ ಇಳಿಯುವ ಹೊತ್ತಿಗೆ ಮೂರು, ಕೆಲವೊಮ್ಮೆ ನಾಲ್ಕು. ಕಾರು ಕೊಂಡವರ ತೃಪ್ತಿಯನ್ನು ಅಳೆಯುವ ಸಮೀಕ್ಷೆಗಳು ಈ ಮೂರನೆಯವನ ಮನೆ ಬಾಗಿಲಿಗೆ ಬರುವುದು ಅಪರೂಪ. ಅಮೆರಿಕದ ಜೆ.ಡಿ. ಪವರ್ ಸಂಸ್ಥೆಯ ಹೆಸರಾಂತ ಅಧ್ಯಯನಗಳನ್ನೇ ನೋಡಿ: ಒಂದು ಅಧ್ಯಯನ ಹೊಸ ಕಾರಿನ ಮೊದಲ 90 ದಿನಗಳ ತಕರಾರು ಎಣಿಸುತ್ತದೆ, ಇನ್ನೊಂದು ಕೊಂಡು ಮೂರು ವರ್ಷವಾದ ಮೂಲ ಮಾಲೀಕರನ್ನು ಮಾತಾಡಿಸುತ್ತದೆ. ಮೂರು ವರ್ಷಕ್ಕೆ ಯಾವ ಕಾರಿನ ನಿಜಗುಣವೂ ಪೂರ್ತಿ ಬಯಲಾಗುವುದಿಲ್ಲ. ಟೊಯೊಟಾ ಎಂಬ ಜಪಾನಿ ಹೆಸರು ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಗಳಿಸಿರುವ ಭರವಸೆ ಅರ್ಥವಾಗಬೇಕಾದರೆ ಸಮೀಕ್ಷೆಯ ಪಟ್ಟಿಗಿಂತ ಆರ್‌ಸಿಯ ಆ ಅಂಕಿಯಿಂದ ಶುರುಮಾಡುವುದು ಒಳ್ಳೆಯದು. ಬಾಳಿಕೆ ಎಂಬುದು ಮೊದಲ ಮಾಲೀಕನಿಗೆ ಕಂಪನಿ ಕೊಟ್ಟ ಮಾತು. ಆ ಮಾತು ಉಳಿಯಿತೋ ಇಲ್ಲವೋ ಎಂದು ಕಂಡುಕೊಳ್ಳುವವನು ಮೂರನೆಯವನು.

ಈ ಊರುಗಳಲ್ಲಿ ಆ ಪರೀಕ್ಷೆ ಬಿಗಿಯಾಗಿಯೇ ನಡೆಯುತ್ತದೆ. ಹಾನಗಲ್, ಶಿಗ್ಗಾಂವಿ, ಹಿರೇಕೆರೂರು ಪಟ್ಟಣಗಳಿಗೆ ರೈಲಿಲ್ಲ. ಸವಣೂರಿನವರಿಗಷ್ಟೇ ಹಳಿ ಸ್ವಲ್ಪ ಹತ್ತಿರ. ಶಿಗ್ಗಾಂವಿಗೆ ಪುಣೆ–ಬೆಂಗಳೂರು ಹೆದ್ದಾರಿಯ ಭಾಗ್ಯವುಂಟು, ಉಳಿದವರು ಹೆದ್ದಾರಿ ಮುಟ್ಟಬೇಕಾದರೂ ಒಳರಸ್ತೆ ಹಿಡಿಯಬೇಕು. ರಾತ್ರಿ ಹೊತ್ತಿನಲ್ಲಿ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಓಡಬೇಕಾದಾಗ, ಮದುವೆಗೆ ದಿಬ್ಬಣ ಹೊರಡುವಾಗ, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೋ ಧರ್ಮಸ್ಥಳಕ್ಕೋ ಮನೆಮಂದಿಯೆಲ್ಲ ಹೋಗುವಾಗ ಬೇಕಾಗುವುದು ಏಳೆಂಟು ಜನ ಕೂರುವ, ನಡುದಾರಿಯಲ್ಲಿ ಕೈಕೊಡದ ಗಾಡಿ. ಸವಣೂರಿನ ಎರೆಭೂಮಿಯಲ್ಲಿ ಮಳೆ ಬಿದ್ದರೆ ಹೊಲದ ದಾರಿ ಗಾಲಿಯನ್ನೇ ಕಚ್ಚಿ ಹಿಡಿಯುತ್ತದೆ. ಹಾನಗಲ್ಲಿನ ಪಶ್ಚಿಮಕ್ಕೆ ಹೋದಷ್ಟೂ ಮಲೆನಾಡಿನ ಸೆರಗಿನ ಮಳೆ, ಗುಂಡಿಬಿದ್ದ ತಿರುವುಗಳು. ಇಂಥ ಕಡೆ ತೃಪ್ತಿ ಎಂದರೆ ಮೆತ್ತನೆಯ ಸೀಟಲ್ಲ, ದೊಡ್ಡ ಪರದೆಯೂ ಅಲ್ಲ. ಬೆಳಗಿನ ನಾಲ್ಕು ಗಂಟೆಗೆ ಕೀಲಿ ತಿರುವಿದರೆ ಎಂಜಿನ್ ಎಚ್ಚರಾಗಬೇಕು, ಅಷ್ಟೆ.

ಹಳೆಯ ಗಾಡಿ ಕೊಳ್ಳುವವನ ಸಂಕಟ ಎತ್ತಿನ ಸಂತೆಗೆ ಹೋದವನ ಸಂಕಟವೇ. ಮಾರುವವನಿಗೆ ಒಳಗಿನದೆಲ್ಲ ಗೊತ್ತು, ಕೊಳ್ಳುವವನಿಗೆ ಹೊರಗಿನದಷ್ಟೇ ಕಾಣುತ್ತದೆ. ಸಂತೆಯಲ್ಲಿ ನಮ್ಮವರು ಹಲ್ಲು ಹಿಡಿದು ವಯಸ್ಸು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ಕಾಲು ಗಮನಿಸುತ್ತಾರೆ. ಕಾರಿನಲ್ಲಿ ಹಲ್ಲಿನ ಜಾಗದಲ್ಲಿರುವುದು ಕಿಲೋಮೀಟರ್ ಅಂಕಿ, ಅದನ್ನು ಹಿಂದಕ್ಕೆ ತಿರುಗಿಸುವ ಕೈಚಳಕ ಬಲ್ಲವರು ಎಲ್ಲ ಊರಲ್ಲೂ ಇದ್ದಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆ ಕಾರಿನ ಮಾರುಕಟ್ಟೆಯನ್ನೇ ಉದಾಹರಣೆಗಿಟ್ಟುಕೊಂಡು ಬರೆದ ಪ್ರಬಂಧ ಈ ಸಂಕಟದ ಲೆಕ್ಕವನ್ನು ಬಿಡಿಸಿತು. ಒಳ್ಳೆಯದು ಕೆಟ್ಟದ್ದು ಗುರುತಿಸಲಾಗದ ಕಡೆ ಕೊಳ್ಳುವವನು ಎಲ್ಲಕ್ಕೂ ಕಡಿಮೆ ಬೆಲೆಯನ್ನೇ ಕೇಳುತ್ತಾನೆ, ಒಳ್ಳೆಯ ಗಾಡಿಯವನು ಆ ಬೆಲೆಗೆ ಮಾರಲೊಲ್ಲದೆ ಹಿಂದೆ ಸರಿಯುತ್ತಾನೆ, ಕಡೆಗೆ ಸಂತೆಯಲ್ಲಿ ಕೆಟ್ಟದ್ದೇ ಉಳಿಯುತ್ತದೆ. 2001ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ತಂದುಕೊಟ್ಟ ವಿಚಾರವಿದು. ಇದಕ್ಕೆ ಸಂತೆ ಕಂಡುಕೊಂಡ ಮದ್ದು ತಳಿ. ಎದುರಿಗಿರುವ ಎತ್ತಿನ ಬಗ್ಗೆ ಖಚಿತವಿಲ್ಲದಿದ್ದರೂ ಖಿಲಾರಿ ಎಂದಾಕ್ಷಣ ರೈತ ನಾಲ್ಕು ಕಾಸು ಹೆಚ್ಚು ಕೊಡಲು ಒಪ್ಪುತ್ತಾನೆ. ಟೊಯೊಟಾದ ಕ್ವಾಲಿಸ್, ಇನ್ನೋವಾ ಎಂಬ ಹೆಸರುಗಳು ಹಳೆ ಗಾಡಿಯ ಸಂತೆಯಲ್ಲಿ ಮಾಡುತ್ತಿರುವ ಕೆಲಸ ಇದೇ. ಒಂದು ನಿರ್ದಿಷ್ಟ ಗಾಡಿ ಹೇಗಿದೆಯೋ ತಿಳಿಯದು, ತಳಿ ಒಳ್ಳೆಯದು.

ಆದರೆ ತಳಿ ಹುಟ್ಟಿನಿಂದಲೇ ಒಳ್ಳೆಯದಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಟೊಯೊಟಾದ ಬೇರು ಕಾರಿನಲ್ಲಿಲ್ಲ, ಮಗ್ಗದಲ್ಲಿದೆ. ಬಡಗಿಯ ಮಗ ಸಾಕಿಚಿ ಟೊಯೊಡಾ ಮರದ ಕೈಮಗ್ಗ ಸುಧಾರಿಸುವುದರಿಂದ ಶುರುಮಾಡಿ 1924ರ ಹೊತ್ತಿಗೆ ಪೂರ್ಣ ಸ್ವಯಂಚಾಲಿತ ಮಗ್ಗ ಕಟ್ಟಿದ. ಅದರ ವೈಶಿಷ್ಟ್ಯ ವೇಗದಲ್ಲಷ್ಟೇ ಇರಲಿಲ್ಲ. ನೂಲೊಂದು ಹರಿದರೆ ಮಗ್ಗ ತಾನಾಗಿಯೇ ನಿಲ್ಲುತ್ತಿತ್ತು. ಹರಿದ ಎಳೆಯ ಮೇಲೇ ನೇಯುತ್ತ ಹೋಗಿ ಗಜಗಟ್ಟಲೆ ಬಟ್ಟೆ ಕೆಡಿಸುವ ಯಂತ್ರಕ್ಕಿಂತ, ತಪ್ಪಾದ ಕ್ಷಣವೇ ನಿಂತು ಕರೆಯುವ ಯಂತ್ರ ಮೇಲು ಎಂಬ ತಿಳಿವಳಿಕೆ ಅದು. ಹಾವೇರಿ ಜಿಲ್ಲೆಯ ತುಮ್ಮಿನಕಟ್ಟಿಯ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ ಈ ಮಗ್ಗದ ಹಕ್ಕನ್ನು ಒಂದು ಲಕ್ಷ ಪೌಂಡಿಗೆ ಕೊಂಡಿತು, ಮಗ ಕಿಚಿರೊನ ಕಾರಿನ ಪ್ರಯೋಗಗಳಿಗೆ ಆ ಹಣ ಆಸರೆಯಾಯಿತು ಎಂಬುದು ಕಂಪನಿಯ ಪ್ರಸಿದ್ಧ ಕತೆ. ಟೊಯೊಟಾ ಮೋಟರ್ ಬೇರೆ ಕಂಪನಿಯಾಗಿ ನಿಂತದ್ದು 1937ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಹೊರಬಂದ ಜಿ1 ಲಾರಿ ಎಲ್ಲೆಂದರಲ್ಲಿ ಕೆಟ್ಟು ನಿಲ್ಲುತ್ತಿತ್ತು, ಅದನ್ನು ಸರಿಪಡಿಸಲು ಕಂಪನಿಯವರೇ ಓಡಬೇಕಾಗುತ್ತಿತ್ತು. 1957ರಲ್ಲಿ ಅಮೆರಿಕಕ್ಕೆ ಕಳಿಸಿದ ಟೊಯೊಪೆಟ್ ಕ್ರೌನ್ ಅಲ್ಲಿನ ಹೆದ್ದಾರಿಯ ವೇಗ ತಾಳಲಾರದೆ ಏದುಸಿರು ಬಿಟ್ಟು ಕಾದುಹೋಗುತ್ತಿತ್ತು. ಕೆಲವೇ ವರ್ಷದಲ್ಲಿ ಅದರ ರಫ್ತನ್ನು ನಿಲ್ಲಿಸಬೇಕಾಯಿತು. ಜಪಾನಿನವರು ಹುಟ್ಟಾ ಅಚ್ಚುಕಟ್ಟು, ಹಾಗಾಗಿ ಅವರ ಕಾರೂ ಗಟ್ಟಿ ಎಂದು ನಮ್ಮ ಕಟ್ಟೆಗಳಲ್ಲಿ ಕೇಳಿಬರುವ ಮಾತಿಗೆ ಈ ಎರಡು ಸೋಲುಗಳೇ ಉತ್ತರ.

ಸೋಲಿನಿಂದ ಕಲಿತದ್ದು ಮಗ್ಗದ ಪಾಠವನ್ನೇ. 1950ರ ಆಸುಪಾಸಿನಲ್ಲಿ ಕಂಪನಿ ದಿವಾಳಿಯ ಅಂಚಿಗೆ ಬಂದು, ಮುಷ್ಕರವಾಗಿ, ಕಿಚಿರೊ ರಾಜೀನಾಮೆ ಕೊಟ್ಟ ಮೇಲೆ ಉಳಿದವರ ಬಳಿ ಹಣವೂ ಇರಲಿಲ್ಲ, ಗೋದಾಮು ತುಂಬ ಬಿಡಿಭಾಗ ಪೇರಿಸಿಡುವ ಶಕ್ತಿಯೂ ಇರಲಿಲ್ಲ. ತೈಚಿ ಓನೊ ಎಂಬ ಎಂಜಿನಿಯರ್ ಆ ಬಡತನವನ್ನೇ ಪದ್ಧತಿಯಾಗಿಸಿದ. ಬೇಕಾದದ್ದು ಬೇಕಾದಾಗ ಬೇಕಾದಷ್ಟೇ ಬರಲಿ. ತಪ್ಪು ಕಂಡ ಕೆಲಸಗಾರ ತಲೆಮೇಲಿನ ಹಗ್ಗ ಎಳೆದು ಕರೆಯಲಿ, ಬಗೆಹರಿಯದಿದ್ದರೆ ಇಡೀ ಸಾಲೇ ನಿಲ್ಲಲಿ. ಕೆಟ್ಟದ್ದನ್ನು ಬದಲಿಸಿ ಕೈತೊಳೆದುಕೊಳ್ಳದೆ ಏಕೆ ಕೆಟ್ಟಿತು ಎಂದು ಐದು ಸಲ ಕೇಳಿ ಬುಡ ಮುಟ್ಟಲಿ. 1965ರಲ್ಲಿ ಜಪಾನಿನ ಗುಣಮಟ್ಟದ ದೊಡ್ಡ ಮನ್ನಣೆಯಾದ ಡೆಮಿಂಗ್ ಪ್ರಶಸ್ತಿ ಬಂತು, ಮರುವರ್ಷ ಕೊರೊಲಾ ಕಾರು ಬಂತು. ಮುಂದಿನದನ್ನು ಜಗತ್ತೇ ಬಲ್ಲದು.

ಈ ಹೆಸರು ಕರ್ನಾಟಕಕ್ಕೆ ಬಂದದ್ದು ನಮ್ಮವರಿಗೆ ಹಳೆಯ ಪರಿಚಯದ ಇನ್ನೊಂದು ಹೆಸರಿನ ಕೈಹಿಡಿದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ ಕಬ್ಬಿಣದ ನೇಗಿಲಿಗೆ ಬಂದವರು. ಕಬ್ಬಿಣ ತಾಗಿದರೆ ಭೂಮಿ ವಿಷವಾಗುತ್ತದೆ ಎಂದು ರೈತರು ಆ ನೇಗಿಲನ್ನು ಬಹಳ ಕಾಲ ಮುಟ್ಟಲಿಲ್ಲ. ಅದೇ ರೈತರ ಮಕ್ಕಳು ಮೊಮ್ಮಕ್ಕಳು ಮುಂದೆ ಬಾವಿಕಟ್ಟೆಯ ಮೇಲೆ ಕಿರ್ಲೋಸ್ಕರ್ ಎಂಜಿನ್ ಕೂರಿಸಿದರು. ಹಾವೇರಿ ಜಿಲ್ಲೆಯ ಅಂಚಿಗೆ ತುಂಗಭದ್ರೆ ದಾಟಿದರೆ ಹರಿಹರ, ಅಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳಿಗೆ ದೇಶಕ್ಕೇ ಹೆಸರಾಗಿತ್ತು. ಟೊಯೊಟಾ ಜತೆಗಿನ ನಂಟೂ ಕಾರಿನಿಂದ ಶುರುವಾಗಲಿಲ್ಲ, 1995ರಲ್ಲಿ ಜವಳಿ ಯಂತ್ರಗಳ ಪಾಲುದಾರಿಕೆಯಿಂದ ಶುರುವಾಯಿತು. ಟೊಯೊಟಾ ಕಿರ್ಲೋಸ್ಕರ್ ಮೋಟರ್ ಹುಟ್ಟಿದ್ದು 1997ರ ಅಕ್ಟೋಬರಿನಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ ಧಾರವಾಡದಿಂದ ಬೇರೆಯಾಗಿ ಹಾವೇರಿ ಜಿಲ್ಲೆ ಹುಟ್ಟಿತು, ಇಬ್ಬರೂ ಒಂದೇ ವಾರಿಗೆಯವರು. ತಟ್ಟೆ ಇಡ್ಲಿಯಿಂದ ಹೆಸರಾಗಿದ್ದ ಬಿಡದಿಯಲ್ಲಿ ಕಾರ್ಖಾನೆ ಎದ್ದಿತು, 2000ದ ಜನವರಿಯಲ್ಲಿ ಕ್ವಾಲಿಸ್ ಬಂತು.

ನಗರದ ಪತ್ರಿಕೆಗಳು ಅಂದು ಕ್ವಾಲಿಸ್ ಕಂಡು ಮೂಗು ಮುರಿದದ್ದು ಸುಮ್ಮನಲ್ಲ. ಇಂಡೋನೇಷ್ಯಾದಲ್ಲಿ ಓಡಿ ಹಳತಾಗಿದ್ದ ಕಿಜಾಂಗ್ ಗಾಡಿಯನ್ನು ಬಣ್ಣ ಬಳಿದು ತಂದಂತಿತ್ತು, ಡಬ್ಬದಂಥ ಮೈ, ಹಳೆ ಕಾಲದ ಡೀಸೆಲ್ ಎಂಜಿನ್. ಆದರೆ ಆ ಹಳತನದಲ್ಲೇ ಗುಟ್ಟಿತ್ತು. ಸುಮಾರು 2,400 ಸಿಸಿಯ ಎಂಜಿನ್‌ನಿಂದ ಅವರು ಬಸಿದದ್ದು 75 ಅಶ್ವಶಕ್ತಿ ಮಾತ್ರ. ಟರ್ಬೊ ಇರಲಿಲ್ಲ. ಎರಡು ಎತ್ತು ಎಳೆಯುವ ಬಂಡಿಗೆ ನಾಲ್ಕು ಎತ್ತು ಕಟ್ಟಿದ ಹಾಗೆ, ಎಂಜಿನ್ ಎಂದೂ ತನ್ನ ಶಕ್ತಿಯ ಅಂಚಿನಲ್ಲಿ ದುಡಿಯುತ್ತಿರಲಿಲ್ಲ. ಲಾರಿಗಿರುವಂಥ ಬೇರೆ ಚಾಸಿ, ಅದರ ಮೇಲೆ ಕೂರಿಸಿದ ಮೈ, ಹಿಂದಿನ ಗಾಲಿಗೆ ಎಳೆತ. ಗುಂಡಿಯ ಏಟು ಮೊದಲು ಚಾಸಿಗೆ, ಆಮೇಲೆ ಮೈಗೆ. 2005ರಲ್ಲಿ ಅದರ ಜಾಗಕ್ಕೆ ಬಂದ ಇನ್ನೋವಾ ನುಣುಪಾಗಿತ್ತು, ಎರಡೂವರೆ ಲೀಟರಿನ ಹೊಸ ಬಗೆಯ ಡೀಸೆಲ್ ಎಂಜಿನ್ ಇತ್ತು, ಬುನಾದಿಯ ತರ್ಕ ಮಾತ್ರ ಬದಲಾಗಲಿಲ್ಲ. ಹತ್ತು ವರ್ಷಕ್ಕೂ ಮೇಲ್ಪಟ್ಟು ಅದೇ ಎಂಜಿನ್ ಉಳಿಯಿತು. ಹೊಸತು ಬಯಸುವ ಮೊದಲ ಮಾಲೀಕನಿಗೆ ಇದು ಬೇಸರ ತಂದಿರಬಹುದು. ಮೂರನೆಯವನಿಗೆ ಅದೇ ವರವಾಯಿತು. ಹತ್ತು ವರ್ಷ ಒಂದೇ ಎಂಜಿನ್ ಬಿಚ್ಚಿ ಕಟ್ಟಿದ ಫಿಟ್ಟರ್ ಊರೂರಿನಲ್ಲಿ ತಯಾರಾಗುತ್ತಾನೆ, ಬಿಡಿಭಾಗ ಹುಬ್ಬಳ್ಳಿಯ ಅಂಗಡಿಯಲ್ಲಿ ಸಿಗುತ್ತದೆ, ಇಂಥ ಸದ್ದು ಬಂದರೆ ಇಂಥದ್ದೇ ಎಂಬ ತಿಳಿವು ಬಾಯಿಂದ ಬಾಯಿಗೆ ದಾಟುತ್ತದೆ. ನಂಬಿಕೆಯ ಅರ್ಧ ಭಾಗ ಬಿಡದಿಯಲ್ಲಿ ತಯಾರಾದದ್ದು ನಿಜ. ಉಳಿದರ್ಧ ತಯಾರಾದದ್ದು ಬಸ್ ನಿಲ್ದಾಣದ ಹಿಂದಿನ ಗ್ಯಾರೇಜುಗಳಲ್ಲಿ. ಯಾವ ಸಮೀಕ್ಷೆಯೂ ಈ ಅರ್ಧದ ಲೆಕ್ಕ ಹಿಡಿಯುವುದಿಲ್ಲ.

ಇದಕ್ಕೆ ಎದುರುವಾದಗಳಿವೆ, ತಳ್ಳಿಹಾಕುವಂಥವಲ್ಲ. ರಸ್ತೆಯಲ್ಲಿ ಕಾಣುವ ಹಳೆ ಕ್ವಾಲಿಸ್‌ಗಳು ಉಳಿದುಕೊಂಡವು ಮಾತ್ರ, ಗುಜರಿಗೆ ಹೋದವು ಎದ್ದು ಬಂದು ಸಾಕ್ಷಿ ಹೇಳುವುದಿಲ್ಲ ಎಂಬುದು ಒಂದು. ಸರಿಯಾದ ಮಾತೇ. ಆದರೆ ಗಾಡಿ ಉಳಿಯುವುದೂ ಆಕಸ್ಮಿಕವಲ್ಲ. ಎಂಜಿನ್ ಬಿಚ್ಚಿಸಲು ದೊಡ್ಡ ಮೊತ್ತ ಬೇಕಾದಾಗ ಮಾಲೀಕ ಮನಸ್ಸಿನಲ್ಲೇ ತೂಗುತ್ತಾನೆ: ಇಷ್ಟು ಸುರಿದರೆ ಗಾಡಿ ಅಷ್ಟು ಬೆಲೆಗೆ ಹೋದೀತೆ? ಹೋದೀತು ಎಂಬ ಭರವಸೆಯಿದ್ದರೆ ಸುರಿಯುತ್ತಾನೆ, ಇಲ್ಲದಿದ್ದರೆ ಗುಜರಿಗೆ ತಳ್ಳುತ್ತಾನೆ. ಹೆಸರು ಬೆಲೆಯನ್ನು ಕಾಯುತ್ತದೆ, ಬೆಲೆ ರಿಪೇರಿಗೆ ಹುರುಪು ಕೊಡುತ್ತದೆ, ರಿಪೇರಿ ಗಾಡಿಯನ್ನು ಉಳಿಸುತ್ತದೆ, ಉಳಿದ ಗಾಡಿ ಮತ್ತೆ ಹೆಸರು ಬೆಳೆಸುತ್ತದೆ. ಈ ಸುತ್ತಿನಲ್ಲಿ ಸ್ವಲ್ಪ ಉತ್ಪ್ರೇಕ್ಷೆಯೂ ಸೇರಿಕೊಂಡಿದೆ ಎಂದು ಒಪ್ಪಲೇಬೇಕು. ಟೈಮಿಂಗ್ ಬೆಲ್ಟನ್ನು ಹೊತ್ತಿಗೆ ಸರಿಯಾಗಿ ಬದಲಿಸದವನ ಇನ್ನೋವಾ ಎಂಜಿನ್ ಬೇರಾವ ಎಂಜಿನ್‌ನಷ್ಟೇ ನಿರ್ದಾಕ್ಷಿಣ್ಯವಾಗಿ ಕುಸಿಯುತ್ತದೆ. ತಳಿಯ ಹೆಸರು ಹೇಳಿ ಮುದಿ ಎತ್ತು ಮಾರುವವರೂ ಇದ್ದಾರೆ. ಇನ್ನೊಂದು ಆಕ್ಷೇಪ ದುಡ್ಡಿನದು. ಹೊಸ ಇನ್ನೋವಾ ಕ್ರಿಸ್ಟಾಗೆ ಇಂದು 20 ಲಕ್ಷ ರೂಪಾಯಿ ಆಸುಪಾಸು, ಈ ತಾಲ್ಲೂಕುಗಳ ಸಾಮಾನ್ಯ ಕುಟುಂಬಕ್ಕೆ ಜಪಾನಿ ಕಾರು ಎಂದರೆ 1983ರಲ್ಲಿ ರಸ್ತೆಗಿಳಿದ ಮಾರುತಿ ಸುಜುಕಿಯೇ ಹೊರತು ಟೊಯೊಟಾ ಅಲ್ಲ. ಇದನ್ನೂ ಒಪ್ಪೋಣ. ಸುಜುಕಿ ಸಾಧಿಸಿದ್ದು ಅಗ್ಗದ ಬಾಳಿಕೆ, ಅದರ ಹಿರಿಮೆ ಸಣ್ಣದಲ್ಲ. ಆದರೆ ಬಾಡಿಗೆಗೆ ಏಳು ಜನ ಹೊತ್ತು ಮೂರನೆಯ, ನಾಲ್ಕನೆಯ ಲಕ್ಷ ಕಿಲೋಮೀಟರಿಗೆ ಹೋಗುವ ಮಾತು ಬಂದಾಗ ಜನರ ಬಾಯಲ್ಲಿ ಬರುವ ಹೆಸರು ಬೇರೆ.

ಟೊಯೊಟಾದ ಎಟಿಯಾಸ್ ಕತೆಯನ್ನು ಇಲ್ಲಿ ನೆನೆಯಬೇಕು, ಯಾಕೆಂದರೆ ಅದು ನನ್ನ ವಾದಕ್ಕೆ ಎರಡೂ ಕಡೆಯಿಂದ ಸಾಕ್ಷಿ. ಭಾರತಕ್ಕೆಂದೇ ರೂಪಿಸಿ 2010ರ ಕೊನೆಯಲ್ಲಿ ತಂದ ಈ ಕಾರು ಎಂಜಿನ್‌ನಲ್ಲಿ ಗಟ್ಟಿ, ಒಳಾಂಗಣದಲ್ಲಿ ಬಡವ. ಶೋರೂಮಿಗೆ ಬಂದ ಮೊದಲ ಮಾಲೀಕ ಡ್ಯಾಶ್‌ಬೋರ್ಡ್ ಮುಟ್ಟಿ ನೋಡಿ ಮುಖ ಸಿಂಡರಿಸಿದ. ಟ್ಯಾಕ್ಸಿ ಚಾಲಕರು ಅಪ್ಪಿಕೊಂಡರು. ಟ್ಯಾಕ್ಸಿ ಎಂಬ ಹಣೆಪಟ್ಟಿ ಬಿದ್ದ ಮೇಲೆ ಮನೆಗೆಂದು ಕೊಳ್ಳುವವರು ಇನ್ನಷ್ಟು ದೂರವಾದರು, 2020ರಲ್ಲಿ ಕಂಪನಿ ಅದನ್ನು ನಿಲ್ಲಿಸಿತು. ಬಾಳಿಕೆ ಇತ್ತು, ಆದರೆ ಅದು ಹಣ ತೆರುವವನ ಕಣ್ಣಿಗೆ ಬೀಳಲಿಲ್ಲ. ಕಾರ್ಖಾನೆಗೆ ದುಡ್ಡು ಕೊಡುವವನು ಮೊದಲನೆಯವನು, ಅದರ ಫಲ ಉಣ್ಣುವವನು ಮೂರನೆಯವನು. ಇವರಿಬ್ಬರ ನಡುವಿನ ಈ ಅಂತರವನ್ನು ಮರುಮಾರಾಟದ ಬೆಲೆ ಎಂಬ ಸೇತುವೆ ಮಾತ್ರ ಕೂಡಿಸುತ್ತದೆ. ಇನ್ನೋವಾದಲ್ಲಿ ಆ ಸೇತುವೆ ನಿಂತಿತು, ಎಟಿಯಾಸ್‌ನಲ್ಲಿ ಅರ್ಧಕ್ಕೇ ಉಳಿಯಿತು.

ಕಂಪನಿಯ ಮೇಲೆಯೇ ಬಂದ ಕಪ್ಪುಚುಕ್ಕೆಗಳ ಮಾತು ಬೇರೆ. 2009–10ರಲ್ಲಿ ನೆಲಹಾಸು ಮತ್ತು ಆಕ್ಸಿಲರೇಟರ್ ಪೆಡಲ್‌ನ ದೋಷಕ್ಕಾಗಿ ಜಗತ್ತಿನಾದ್ಯಂತ ಲಕ್ಷಾಂತರ ಕಾರು ವಾಪಸು ಕರೆಸಬೇಕಾಯಿತು, ಸಂಸ್ಥಾಪಕರ ಮೊಮ್ಮಗ ಅಕಿಯೊ ಟೊಯೊಡಾ ಅಮೆರಿಕದ ಸಂಸತ್ತಿನ ಮುಂದೆ ಕ್ಷಮೆ ಕೇಳಿದರು. ಗ್ರಾಹಕರ ದಾರಿತಪ್ಪಿಸಿದ್ದಕ್ಕೆ 2014ರಲ್ಲಿ 120 ಕೋಟಿ ಡಾಲರ್ ದಂಡ ತೆರಬೇಕಾಯಿತು. ನಮಗೆ ಇನ್ನೂ ಹತ್ತಿರದ್ದು 2024ರ ಜನವರಿಯ ಸಂಗತಿ. ಡೀಸೆಲ್ ಎಂಜಿನ್‌ಗಳ ಅಶ್ವಶಕ್ತಿಯ ಪ್ರಮಾಣಪತ್ರಕ್ಕೆ ನಡೆಸಿದ ಪರೀಕ್ಷೆಯಲ್ಲಿ, ಮಾರಾಟದ ಗಾಡಿಯಲ್ಲಿರುವುದಕ್ಕಿಂತ ಬೇರೆ ಸಾಫ್ಟ್‌ವೇರ್ ಬಳಸಿ ಫಲಿತಾಂಶ ನಯಗೊಳಿಸಿದ್ದು ಬಯಲಾಯಿತು. ಭಾರತದಲ್ಲಿ ಇನ್ನೋವಾ ಕ್ರಿಸ್ಟಾ, ಫಾರ್ಚುನರ್, ಹೈಲಕ್ಸ್ ರವಾನೆ ಕೆಲಕಾಲ ನಿಂತಿತು. ಈ ಎಂಜಿನ್‌ಗಳ ಪರೀಕ್ಷೆ ನಡೆಸಿದ ಟೊಯೊಟಾ ಇಂಡಸ್ಟ್ರೀಸ್ ಬೇರೆ ಯಾವುದೋ ಕಂಪನಿಯಲ್ಲ, 1926ರಲ್ಲಿ ಸಾಕಿಚಿಯ ಮಗ್ಗ ತಯಾರಿಸಲೆಂದೇ ಹುಟ್ಟಿದ ಕಂಪನಿ. ಎಳೆ ಹರಿದಾಗ ನಿಲ್ಲುವ ಯಂತ್ರ ಮಾಡಿ ಹೆಸರಾದ ಮನೆಯಲ್ಲೇ ಎಳೆ ಹರಿದಿತ್ತು, ಮಗ್ಗ ನಿಂತಿರಲಿಲ್ಲ. ಎಂಜಿನ್‌ಗಳು ನಿಯಮದ ಮಿತಿಯೊಳಗೇ ಇವೆ, ಬಳಕೆ ನಿಲ್ಲಿಸಬೇಕಿಲ್ಲ ಎಂದು ಮರುಪರೀಕ್ಷೆಯ ನಂತರ ಕಂಪನಿ ಹೇಳಿತು, ರವಾನೆ ಮತ್ತೆ ಶುರುವಾಯಿತು. ಹಿರೇಕೆರೂರಿನ ಬಾಡಿಗೆ ಗಾಡಿಯವನಿಗೆ ಇದರಿಂದ ನಷ್ಟವೇನೂ ಆಗಲಿಲ್ಲ. ಆದರೆ ಬಾಳಿಕೆಯೂ ಪ್ರಾಮಾಣಿಕತೆಯೂ ಒಂದೇ ಬಳ್ಳಿಯ ಕಾಯಿ ಎಂದು ನಂಬಿದ್ದವರು ಸ್ವಲ್ಪ ತಡೆದು ಯೋಚಿಸಬೇಕಾಯಿತು.

ಹಗ್ಗ ಎಳೆದು ಸಾಲು ನಿಲ್ಲಿಸುವ ಅಧಿಕಾರ ಕೆಲಸಗಾರನಿಗಿದೆ ಎಂದು ಹೊಗಳುವಾಗಲೂ ಅಷ್ಟೇ ತಡೆ ಬೇಕು. ಬಿಡದಿಯಲ್ಲಿ 2006ರಲ್ಲಿ, 2014ರಲ್ಲಿ, ಮತ್ತೆ 2020ರ ನವೆಂಬರಿನಲ್ಲಿ ಬೀಗಮುದ್ರೆಗಳಾದವು. ಕಡೆಯ ಸಲ ಕಾರ್ಮಿಕರ ಮುಖ್ಯ ದೂರುಗಳಲ್ಲಿ ಕೆಲಸದ ಒತ್ತಡವೂ ಒಂದಾಗಿತ್ತು, ತಗಾದೆ ತಿಂಗಳುಗಟ್ಟಲೆ ಎಳೆಯಿತು. ಮಾಲೀಕನ ತೃಪ್ತಿಯ ಲೆಕ್ಕದಲ್ಲಿ ಈ ಪುಟ ಇರುವುದಿಲ್ಲ. ಅದೇ ಆವರಣದಲ್ಲಿ ಗ್ರಾಮೀಣ ಕರ್ನಾಟಕದ ಬಡ ಹುಡುಗರಿಗೆ ಉಚಿತವಾಗಿ ಕಸುಬು ಕಲಿಸುವ ತರಬೇತಿ ಸಂಸ್ಥೆ 2007ರಿಂದ ನಡೆಯುತ್ತಿರುವುದೂ ನಿಜ. ಎರಡರಲ್ಲೊಂದು ಮಾತ್ರ ಹೇಳಿ ನಿಲ್ಲಿಸುವವರನ್ನು ನಂಬಬಾರದು.

ಈಗ ತಳಿಯೇ ಬದಲಾಗುತ್ತಿದೆ. 2019ರಿಂದ ಸುಜುಕಿಯ ಬಲೆನೊ ಟೊಯೊಟಾ ಮುದ್ರೆ ಹೊತ್ತು ಗ್ಲಾಂಜಾ ಎಂಬ ಹೆಸರಿನಲ್ಲಿ ಬರುತ್ತಿದೆ, ಬಿಡದಿಯಲ್ಲಿ ತಯಾರಾದ ಗಾಡಿ ಮಾರುತಿ ಹೆಸರಿನಲ್ಲಿ ಗ್ರ್ಯಾಂಡ್ ವಿಟಾರಾ ಆಗಿ ಹೋಗುತ್ತಿದೆ. ಮುದ್ರೆ ನೋಡಿ ತಳಿ ಹೇಳುವುದು ಇನ್ನು ಸುಲಭವಲ್ಲ. ಅದಕ್ಕಿಂತ ದೊಡ್ಡ ಬದಲಾವಣೆ 2022ರ ಕೊನೆಯಲ್ಲಿ ಅನಾವರಣಗೊಂಡ ಇನ್ನೋವಾ ಹೈಕ್ರಾಸ್. ಅದರಲ್ಲಿ ಡೀಸೆಲ್ ಇಲ್ಲ, ಬೇರೆ ಚಾಸಿ ಇಲ್ಲ, ಎಳೆತ ಮುಂದಿನ ಗಾಲಿಗೆ, ಹೈಬ್ರಿಡ್ ಮಾದರಿಯಲ್ಲಿ ಪೆಟ್ರೋಲ್ ಎಂಜಿನ್‌ಗೆ ಜತೆಯಾಗಿ ಬ್ಯಾಟರಿ ಮತ್ತು ವಿದ್ಯುತ್ ಮೋಟರ್. ಟೊಯೊಟಾಗೆ ಹೈಬ್ರಿಡ್ ಹೊಸದಲ್ಲ, 1997ರ ಪ್ರಿಯಸ್‌ನಿಂದ ಅದನ್ನು ಪಳಗಿಸುತ್ತ ಬಂದಿದೆ. ಹೊಗೆ ಕಡಿಮೆ, ಇಂಧನ ಉಳಿತಾಯ, ಸದ್ದಿಲ್ಲ. ಮೊದಲ ಮಾಲೀಕ ಖಂಡಿತ ಖುಷಿಪಡುತ್ತಾನೆ, ಸಮೀಕ್ಷೆಯಲ್ಲಿ ಒಳ್ಳೆಯ ಅಂಕವನ್ನೂ ಕೊಟ್ಟಾನು. ಆದರೆ ಹಾನಗಲ್ಲಿನ ಫಿಟ್ಟರ್ ಇಪ್ಪತ್ತು ವರ್ಷದಲ್ಲಿ ಕಿವಿಯಿಂದ ಕಲಿತ ವಿದ್ಯೆ ಹೆಚ್ಚು ವೋಲ್ಟೇಜಿನ ಬ್ಯಾಟರಿಯ ಎದುರು ನಡೆಯದು. ಸ್ಪ್ಯಾನರ್ ಹಿಡಿದು ಅದರೊಳಗೆ ಕೈಹಾಕುವುದು ಜೀವಕ್ಕೇ ಅಪಾಯ. ನಂಬಿಕೆಯ ಗ್ಯಾರೇಜಿನ ಅರ್ಧವನ್ನು ಕಂಪನಿ ತನ್ನ ಸರ್ವಿಸ್ ಸೆಂಟರಿಗೆ ಎಳೆದುಕೊಂಡಿದೆ, ಆ ಸೆಂಟರ್ ತಾಲ್ಲೂಕು ಪಟ್ಟಣದಲ್ಲಿಲ್ಲ. ಹೈಬ್ರಿಡ್ ಬ್ಯಾಟರಿಗೆ ಕಂಪನಿ ಕೊಡುವ ಖಾತರಿ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್, ಯಾವುದು ಮೊದಲೋ ಅದು. 2023ರಲ್ಲಿ ಬೆಂಗಳೂರಿನಲ್ಲಿ ರಸ್ತೆಗಿಳಿದ ಹೈಕ್ರಾಸ್‌ನ ಖಾತರಿ ತಡವೆಂದರೂ 2031ಕ್ಕೆ ಮುಗಿಯುತ್ತದೆ. ಆರ್‌ಸಿಯ ಆ ಪುಟ್ಟ ಜಾಗದಲ್ಲಿ ಮೂರು ಎಂದು ಬರೆಸಿಕೊಂಡು ಅದು ಹಾವೇರಿಯ ಕೆಎ–27 ಗಾಡಿಗಳ ನಡುವೆ ಬಂದು ನಿಲ್ಲುವುದು ಹೆಚ್ಚುಕಡಿಮೆ ಅದೇ ವರ್ಷ.